ಜಲಜನಕದ ಜಾಡು ಹಿಡಿದ ಮೌನಿ: ಥಾಮಸ್ ಗ್ರಹಾಂ





ಪ್ರತಿ ವರ್ಷ ಪರೀಕ್ಷೆಯ ಫಲಿತಾಂಶ ಬಂದ ಮರುದಿನ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಮಗನನ್ನು ಯಾವ ಕೋರ್ಸಿಗೆ ಸೇರಿಸುವುದು? ಮಗಳು ಯಾವ ಕಾಲೇಜಿಗೆ ಹೋಗಬೇಕು? ತಂದೆಯ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿರುತ್ತದೆ, ಮಕ್ಕಳ ಒಲವು ಇನ್ನೊಂದೆಡೆ ಇರುತ್ತದೆ. ಕೆಲವು ಮನೆಗಳಲ್ಲಿ ಇದು ಮಾತುಕತೆಯಲ್ಲೇ ಬಗೆಹರಿಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ತಂದೆ ಮಕ್ಕಳ ನಡುವೆ ತಿಂಗಳುಗಟ್ಟಲೆ ಮಾತೇ ನಿಂತುಹೋಗುತ್ತದೆ. ನಡುವೆ ಬೇಯುವವಳು ತಾಯಿ.

ಇನ್ನೂರು ವರ್ಷಗಳ ಹಿಂದೆ ದೂರದ ಸ್ಕಾಟ್ಲೆಂಡಿನ ಒಂದು ಮನೆಯಲ್ಲೂ ಇದೇ ನಡೆಯಿತು. ಆ ಮನೆಯ ಹುಡುಗ ಮುಂದೆ ಜಗತ್ತಿನ ಹೆಸರಾಂತ ರಸಾಯನಶಾಸ್ತ್ರಜ್ಞನಾದ. ನೀವು ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಅವರ ಹೆಸರನ್ನು ಒಂದು ನಿಯಮದ ಮುಂದೆ ನೋಡಿಯೇ ಇರುತ್ತೀರಿ. ಗ್ರಹಾಂನ ವಿಸರಣಾ ನಿಯಮ. ಎರಡು ಅಂಕದ ಪ್ರಶ್ನೆಗೆಂದು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತಿರಲೂಬಹುದು. ಆ ನಿಯಮದ ಹಿಂದಿದ್ದ ಮನುಷ್ಯನನ್ನು, ಅವರು ಹಾಕಿಕೊಟ್ಟ ದಾರಿ ಇಂದು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ನಿಮಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ತಂದೆಯ ಆಸೆ, ಮಗನ ಒಲವು

ಥಾಮಸ್ ಗ್ರಹಾಂ 1805ರ ಡಿಸೆಂಬರ್ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಜೇಮ್ಸ್ ಗ್ರಹಾಂ ಬಟ್ಟೆ ತಯಾರಿಕೆಯಲ್ಲಿ ಹೆಸರು ಮಾಡಿದ ಅನುಕೂಲಸ್ಥ ಉದ್ಯಮಿ. ಮಗ ಸ್ಕಾಟ್ಲೆಂಡಿನ ಚರ್ಚಿನಲ್ಲಿ ಧರ್ಮಬೋಧಕನಾಗಬೇಕೆಂಬುದು ಅವರ ಹಂಬಲ. ಅದರಲ್ಲಿ ತಪ್ಪೇನೂ ಇರಲಿಲ್ಲ. ಮಗನಿಗೆ ಗೌರವದ ಸ್ಥಾನ ಸಿಗಲಿ, ಬದುಕು ಭದ್ರವಾಗಲಿ ಎಂದು ಯಾವ ತಂದೆ ತಾನೆ ಬಯಸುವುದಿಲ್ಲ?

1819ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ, ಥಾಮಸ್ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ಸೇರಿದ. ಅಲ್ಲಿ ಥಾಮಸ್ ಥಾಮ್ಸನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ದರು. ಡಾಲ್ಟನ್ನರ ಪರಮಾಣು ಸಿದ್ಧಾಂತವನ್ನು ಮೊದಮೊದಲು ಜಗತ್ತಿಗೆ ಪರಿಚಯಿಸಿದವರಲ್ಲಿ ಅವರೂ ಒಬ್ಬರು. ಅವರ ಪಾಠ ಕೇಳಿದ ಹುಡುಗನಿಗೆ ತನ್ನ ದಾರಿ ಯಾವುದೆಂದು ನಿಚ್ಚಳವಾಯಿತು. ಧರ್ಮಬೋಧಕನಾಗುವ ಓದನ್ನು ಬಿಟ್ಟು ರಸಾಯನಶಾಸ್ತ್ರವನ್ನೇ ಹಿಡಿಯುತ್ತೇನೆಂದು ಆತ ತಂದೆಗೆ ತಿಳಿಸಿದ. ಮನೆಯಲ್ಲಿ ಬಿರುಗಾಳಿಯೆದ್ದಿತು. ಆ ಕಾಲದಲ್ಲಿ ರಸಾಯನಶಾಸ್ತ್ರವನ್ನೇ ನಂಬಿ ಹೊಟ್ಟೆ ಹೊರೆಯುವುದು ಸುಲಭವಿರಲಿಲ್ಲ. ತಂದೆ ಜಗ್ಗಲಿಲ್ಲ, ಮಗನೂ ಜಗ್ಗಲಿಲ್ಲ. ಕೊನೆಗೆ ತಂದೆ ಖರ್ಚಿಗೆ ಹಣ ಕೊಡುವುದನ್ನೇ ನಿಲ್ಲಿಸಿಬಿಟ್ಟರು.

ಇಂತಹ ಹೊತ್ತಿನಲ್ಲಿ ಥಾಮಸ್‌ಗೆ ಬೆಂಬಲವಾಗಿ ನಿಂತವರು ತಾಯಿ ಮತ್ತು ಸಹೋದರಿ. ಆತ ಎಡಿನ್‌ಬರೋ ನಗರಕ್ಕೆ ಹೋಗಿ ಪ್ರೊ. ಹೋಪ್ ಅವರ ಬಳಿ ಕಲಿಕೆ ಮುಂದುವರಿಸಿದ. ಪಾಠ ಹೇಳಿ, ಲೇಖನ ಬರೆದು ತನ್ನ ಖರ್ಚನ್ನು ತಾನೇ ದುಡಿದುಕೊಂಡ. ಬರವಣಿಗೆಯಿಂದ ಮೊದಲ ಬಾರಿ ಕೈಗೆ ಬಂದ ಅಲ್ಪ ಹಣದಲ್ಲಿ ಆತ ತಾಯಿಗೆ, ಸಹೋದರಿಗೆ ಉಡುಗೊರೆ ಕೊಂಡ. ಹಣದ ಅಡಚಣೆ ಎಷ್ಟಿದ್ದರೂ ಮೊದಲ ಸಂಪಾದನೆ ಯಾರಿಗೆ ಸಲ್ಲಬೇಕೆಂಬುದು ಆತನಿಗೆ ಗೊತ್ತಿತ್ತು.

ಗ್ಲಾಸ್ಗೋಗೆ ಮರಳಿದ ಗ್ರಹಾಂ 1829ರಲ್ಲಿ ಕುಶಲಕರ್ಮಿಗಳಿಗಾಗಿ ಇದ್ದ ವಿದ್ಯಾಸಂಸ್ಥೆಯಲ್ಲಿ ಉಪನ್ಯಾಸಕರಾದರು. 1830ರಲ್ಲಿ ಅದೇ ನಗರದ ಆಂಡರ್ಸನ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆಗ ಅವರಿಗೆ 24 ವರ್ಷ. ತಾಯಿ ಕೊನೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಮಗನಿಗೆ ಹುದ್ದೆ ಸಿಕ್ಕಿತೆಂಬ ಸುದ್ದಿಯನ್ನು ಕಿವಿಯಾರೆ ಕೇಳಿದ ನಂತರವೇ ಅವರು ಕಣ್ಣುಮುಚ್ಚಿದರು. ಓದುಗ ಮಿತ್ರರೇ, ಒಬ್ಬ ತಾಯಿಯ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇರೆ ಬೇಕೇ?

ಬಿರುಕು ಬಿಟ್ಟ ಸೀಸೆಯ ಗುಟ್ಟು

ಈಗ ಅವರ ವಿಜ್ಞಾನದ ಕಡೆಗೆ ಬರೋಣ. 1823ರಲ್ಲಿ ಜರ್ಮನಿಯ ಡೋಬರೈನರ್ ಎಂಬ ವಿಜ್ಞಾನಿ ಒಂದು ವಿಚಿತ್ರವನ್ನು ಕಂಡಿದ್ದರು. ಗಾಜಿನ ಸೀಸೆಯೊಂದರಲ್ಲಿ ಜಲಜನಕ ಅನಿಲವನ್ನು ತುಂಬಿ ನೀರಿನ ಮೇಲೆ ಬೋರಲು ಹಾಕಿದ್ದರು. ಸೀಸೆಗೆ ಕೂದಲೆಳೆಯಷ್ಟು ತೆಳುವಾದ ಬಿರುಕಿತ್ತು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಸೀಸೆಯೊಳಗೆ ನೀರು ತಾನಾಗಿ ಮೇಲೇರಿತ್ತು. ಒಳಗಿನ ಅನಿಲ ಕಡಿಮೆಯಾಗಿತ್ತು. ಅದರ ಪೂರ್ಣ ಕಾರಣ ಡೋಬರೈನರ್ ಅವರಿಗೆ ಹೊಳೆಯಲಿಲ್ಲ.

ಬೇರೆಯವರಾಗಿದ್ದರೆ ಒಡಕು ಸೀಸೆಯನ್ನು ಎಸೆದು ಹೊಸದನ್ನು ತರುತ್ತಿದ್ದರು. ಗ್ರಹಾಂ ಆ ಒಡಕನ್ನೇ ಹಿಡಿದು ಕೂತರು. ಬಿರುಕಿನ ಅಳತೆ ಯಾರ ಕೈಯಲ್ಲೂ ಇರುವುದಿಲ್ಲ, ಆದ್ದರಿಂದ ಅವರು ಗಾಜಿನ ಕೊಳವೆಯ ಒಂದು ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಿರಡೆ ಹಾಕಿದರು. ಒಣಗಿದ ಪ್ಲಾಸ್ಟರಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಕೊಳವೆಯಲ್ಲಿ ಜಲಜನಕ ತುಂಬಿ ನೀರಿನ ಮೇಲೆ ನಿಲ್ಲಿಸಿದಾಗ ಜಲಜನಕ ಹೊರಗೆ ಹೋಗುತ್ತಿತ್ತು, ಗಾಳಿ ಒಳಗೆ ಬರುತ್ತಿತ್ತು. ಹೋಗುವ ವೇಗ ಹೆಚ್ಚು, ಬರುವ ವೇಗ ಕಡಿಮೆ. ನೀರು ಮೇಲೇರಿದ್ದು ಅದಕ್ಕೇ.

ಅನಿಲದಿಂದ ಅನಿಲಕ್ಕೆ ಈ ವೇಗ ಎಷ್ಟು ಬದಲಾಗುತ್ತದೆಂದು ಅವರು ತಾಳ್ಮೆಯಿಂದ ಅಳೆದರು. ಸಿಕ್ಕ ಫಲಿತಾಂಶವನ್ನು 1831ರಲ್ಲಿ ಎಡಿನ್‌ಬರೋ ರಾಯಲ್ ಸೊಸೈಟಿಯ ಮುಂದಿಟ್ಟರು. ಅನಿಲವೊಂದು ವಿಸರಣೆಯಾಗುವ ವೇಗ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಜಲಜನಕದ ಸಾಂದ್ರತೆ 1 ಎಂದಿಟ್ಟುಕೊಂಡರೆ ಆಮ್ಲಜನಕದ್ದು 16. ಹದಿನಾರರ ವರ್ಗಮೂಲ 4. ಹಾಗಾಗಿ ಜಲಜನಕ ಆಮ್ಲಜನಕಕ್ಕಿಂತ 4 ಪಟ್ಟು ವೇಗವಾಗಿ ನುಸುಳುತ್ತದೆ.

ಇದನ್ನು ಅರಿಯಲು ಪ್ರಯೋಗಾಲಯವೇ ಬೇಕಿಲ್ಲ. ಜುಮಾ ನಮಾಜು ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ ನಿಂತು ನೋಡಿ. ಹಿರಿಯರು ನಿಧಾನವಾಗಿ ತಮ್ಮ ಚಪ್ಪಲಿ ಹುಡುಕುತ್ತಿರುವಾಗಲೇ ಮಕ್ಕಳು ಸಂದಿಯಲ್ಲಿ ನುಸುಳಿ ಬೀದಿ ಸೇರಿರುತ್ತಾರೆ. ಬಾಗಿಲು ಎಲ್ಲರಿಗೂ ಒಂದೇ. ಹಗುರಾದವರು ಮೊದಲು ಹೊರಗೆ. ಅನಿಲಗಳಲ್ಲಿ ಜಲಜನಕವೇ ಅತ್ಯಂತ ಹಗುರಾದ ಮಗು.

ಪ್ರಾಧ್ಯಾಪಕರು, ಟಂಕಸಾಲೆಯ ಮುಖ್ಯಸ್ಥರು

1837ರಲ್ಲಿ ಗ್ರಹಾಂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದರು. ಅದಕ್ಕೂ ಮೊದಲೇ, 1833ರಲ್ಲಿ, ಫಾಸ್ಫಾರಿಕ್ ಆಮ್ಲದಲ್ಲಿ ಮೂರು ಬಗೆಗಳಿವೆಯೆಂದೂ ಅವುಗಳ ವ್ಯತ್ಯಾಸ ಅವು ಕೂಡಿಕೊಂಡಿರುವ ನೀರಿನ ಪ್ರಮಾಣದಲ್ಲಿದೆಯೆಂದೂ ತೋರಿಸಿಕೊಟ್ಟಿದ್ದರು. ಅವರು ಬರೆದ ರಸಾಯನಶಾಸ್ತ್ರದ ಪಠ್ಯಪುಸ್ತಕವನ್ನು ಒಂದು ತಲೆಮಾರಿನ ವಿದ್ಯಾರ್ಥಿಗಳು ಓದಿದರು. 1841ರಲ್ಲಿ ಲಂಡನ್ನಿನಲ್ಲಿ ಕೆಮಿಕಲ್ ಸೊಸೈಟಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ ಆರಿಸಿ ಬಂದವರು ಇವರೇ. 1846ರಲ್ಲಿ ಅನಿಲಗಳು ಸಣ್ಣ ರಂಧ್ರದ ಮೂಲಕ ನಿರ್ವಾತಕ್ಕೆ ನುಗ್ಗುವಾಗಲೂ ತಮ್ಮ ವರ್ಗಮೂಲದ ನಿಯಮವೇ ನಡೆಯುತ್ತದೆಂದು ಅವರು ತೋರಿಸಿದರು.

1855ರಲ್ಲಿ ಸರ್ಕಾರ ಅವರನ್ನು ಲಂಡನ್ನಿನ ರಾಯಲ್ ಮಿಂಟ್, ಅಂದರೆ ನಾಣ್ಯ ಟಂಕಿಸುವ ಟಂಕಸಾಲೆಯ ಮುಖ್ಯಸ್ಥರನ್ನಾಗಿ ನೇಮಿಸಿತು. ಒಂದು ಕಾಲದಲ್ಲಿ ಸರ್ ಐಸಾಕ್ ನ್ಯೂಟನ್ ಕುಳಿತಿದ್ದ ಕುರ್ಚಿಯದು. ಗ್ರಹಾಂ ಅದನ್ನು ಕೇವಲ ಗೌರವದ ಹುದ್ದೆಯೆಂದು ಭಾವಿಸದೆ ದುಡಿದರು. 1860ರಲ್ಲಿ ಬ್ರಿಟನ್ನಿನಲ್ಲಿ ಹಳೆಯ ತಾಮ್ರದ ನಾಣ್ಯಗಳ ಬದಲು ಕಂಚಿನ ನಾಣ್ಯಗಳು ಬಂದದ್ದು ಅವರ ಆಡಳಿತದಲ್ಲೇ. ಕಚೇರಿಯ ಕೆಲಸದ ಭಾರದಿಂದ ಮೊದಲ ಕೆಲವು ವರ್ಷ ಸಂಶೋಧನೆಗೆ ಬಿಡುವೇ ಸಿಗಲಿಲ್ಲ. ಬಹಳಷ್ಟು ಜನರ ವಿಜ್ಞಾನ ಇಂತಹ ಕಡೆಯೇ ನಿಂತುಹೋಗುತ್ತದೆ. ಗ್ರಹಾಂ ಅವರದು ಹಾಗಾಗಲಿಲ್ಲ. ಐವತ್ತೈದು ದಾಟಿದ ಮೇಲೆ, ಆರೋಗ್ಯ ಅಷ್ಟಕ್ಕಷ್ಟೇ ಇದ್ದಾಗ, ಅವರು ತಮ್ಮ ಬದುಕಿನ ಅತ್ಯಂತ ಫಲವತ್ತಾದ ಎಂಟು ವರ್ಷಗಳನ್ನು ಬದುಕಿದರು.

1861ರಲ್ಲಿ ಅವರು ಚರ್ಮಕಾಗದದ ಪೊರೆಯನ್ನು ಬಳೆಯಂತಹ ಚೌಕಟ್ಟಿಗೆ ಬಿಗಿದು ನೀರಿನ ಮೇಲೆ ತೇಲಿಬಿಟ್ಟರು. ಪೊರೆಯ ಮೇಲೆ ಹಾಕಿದ ಉಪ್ಪು, ಸಕ್ಕರೆ ಕೆಳಗಿನ ನೀರಿಗೆ ಇಳಿದವು. ಗೋಂದು, ಜೆಲಾಟಿನ್‌ನಂತಹ ಅಂಟು ಪದಾರ್ಥಗಳು ಮೇಲೆಯೇ ಉಳಿದವು. ಉಳಿದವುಗಳಿಗೆ ಅವರು ಕೊಲಾಯ್ಡ್ ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಕಲಿಲ ಎಂದಿರುವುದು ಇದನ್ನೇ. ಈ ರೀತಿ ಪೊರೆಯಿಂದ ಬೇರ್ಪಡಿಸುವ ಕ್ರಿಯೆಗೆ ಡಯಾಲಿಸಿಸ್ ಎಂಬ ಹೆಸರು ಕೊಟ್ಟರು. ಹೌದು, ಇಂದು ಊರೂರಿನ ಆಸ್ಪತ್ರೆಗಳಲ್ಲಿ ಕೇಳಿಬರುವ ಅದೇ ಡಯಾಲಿಸಿಸ್. 1943ರಲ್ಲಿ ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ ಅವರು ಸೆಲ್ಲೋಫೇನ್ ಕೊಳವೆಯ ಮೂಲಕ ರೋಗಿಯ ರಕ್ತವನ್ನು ಹಾಯಿಸಿ ಶುದ್ಧಗೊಳಿಸಿದಾಗ, ಅದರ ಮೂಲತತ್ವ ಗ್ರಹಾಂ ಅವರ ಚರ್ಮಕಾಗದದ ಪೊರೆಯದ್ದೇ ಆಗಿತ್ತು. ಮೂತ್ರಪಿಂಡ ಕೈಕೊಟ್ಟ ಬಂಧುವೊಬ್ಬರಿಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕುಳಿತ ಅನುಭವ ನಿಮ್ಮಲ್ಲಿ ಎಷ್ಟೋ ಮಂದಿಗೆ ಇರಬಹುದು. ಮುಂದಿನ ಸಲ ಆ ಹೆಸರು ಕೇಳಿದಾಗ ಈ ಮನುಷ್ಯನನ್ನು ನೆನೆಯಿರಿ.

ಮಣ್ಣಿನ ಕೊಳವೆಯಿಂದ ಪಲ್ಲಾಡಿಯಂವರೆಗೆ

ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಮೈ ಬೆವರುವುದನ್ನು ನೀವು ನೋಡಿದ್ದೀರಿ. ಮೆರುಗು ಹಾಕದ ಸುಟ್ಟ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ನೀರು ಜಿನುಗುತ್ತದೆ. ಅಲ್ಲಿ ನೀರು ಜಿನುಗುವಂತೆ ಅನಿಲವೂ ಜಿನುಗಬಲ್ಲದು.

ಆ ಕಾಲದ ಬ್ರಿಟನ್ನಿನಲ್ಲಿ ಜನ ಹೊಗೆಸೊಪ್ಪು ಸೇದಲು ಉದ್ದನೆಯ ಜೇಡಿಮಣ್ಣಿನ ಚಿಲುಮೆಗಳನ್ನು ಬಳಸುತ್ತಿದ್ದರು. ಯಾವ ಅಂಗಡಿಯಲ್ಲಾದರೂ ಪುಡಿಗಾಸಿಗೆ ಸಿಗುವ ವಸ್ತು. 1863ರಲ್ಲಿ ಗ್ರಹಾಂ ಅಂತಹ ಚಿಲುಮೆಯ ಕೊಳವೆಯನ್ನು ಒಂದು ಅಗಲವಾದ ಗಾಜಿನ ಕೊಳವೆಯೊಳಗೆ ಕೂರಿಸಿದರು. ಎರಡರ ನಡುವಿನ ಜಾಗದಿಂದ ಗಾಳಿಯನ್ನು ಪಂಪಿನಿಂದ ಹೊರತೆಗೆದರು. ಮಣ್ಣಿನ ಕೊಳವೆಯೊಳಗೆ ಅನಿಲಗಳ ಮಿಶ್ರಣವನ್ನು ಹಾಯಿಸಿದರು. ಹಗುರಾದ ಅನಿಲ ಮಣ್ಣಿನ ಗೋಡೆಯ ಮೂಲಕ ಹೆಚ್ಚು ಸೋರಿತು, ಭಾರವಾದದ್ದು ಕೊಳವೆಯ ಆಚೆ ತುದಿಯಿಂದ ಹೊರಬಂದಿತು. ಬೆಂಕಿ ತಾಗಿದರೆ ಸಿಡಿಯುವ ಜಲಜನಕ ಮತ್ತು ಆಮ್ಲಜನಕದ ಮಿಶ್ರಣವನ್ನು ಹೀಗೆ ಹಾಯಿಸಿದಾಗ ಜಲಜನಕದ ಬಹುಪಾಲು ದಾರಿಯಲ್ಲೇ ಸೋರಿಹೋಗಿ, ಕೊನೆಗೆ ಸಿಕ್ಕ ಅನಿಲ ಸಿಡಿಯುವ ಗುಣವನ್ನೇ ಕಳೆದುಕೊಂಡಿತ್ತು. ಸುಟ್ಟ ಮಣ್ಣಿನ ಗೋಡೆಯಿಂದ ಜಲಜನಕವನ್ನು ಬೇರ್ಪಡಿಸಬಹುದೆಂದು ಹೀಗೆ ಸಿದ್ಧವಾಯಿತು.

ಅಲ್ಲಿಗೂ ಅವರು ನಿಲ್ಲಲಿಲ್ಲ. 1866ರಲ್ಲಿ ತೆಳುವಾದ ರಬ್ಬರಿನ ಪೊರೆಯ ಮೂಲಕ ಗಾಳಿಯನ್ನು ಎಳೆದಾಗ, ಹೊರಬಂದ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಿಂದ ಸುಮಾರು 41ಕ್ಕೆ ಏರಿತ್ತು. ಇಲ್ಲಿ ವರ್ಗಮೂಲದ ಲೆಕ್ಕ ಸರಿಹೊಂದುತ್ತಿರಲಿಲ್ಲ. ಆಮ್ಲಜನಕವು ಸಾರಜನಕಕ್ಕಿಂತ ಭಾರವಾಗಿದ್ದರೂ ಮುಂದೆ ಹೋಗಿತ್ತು. ಆದ್ದರಿಂದ ಇದು ರಂಧ್ರದಲ್ಲಿ ನುಸುಳುವ ಆಟವಲ್ಲವೆಂದು ಗ್ರಹಾಂ ಅರಿತರು. ಅನಿಲ ಮೊದಲು ರಬ್ಬರಿನಲ್ಲಿ ಕರಗುತ್ತದೆ, ಒಳಗೆ ಸಾಗುತ್ತದೆ, ಆಚೆ ಬದಿಯಲ್ಲಿ ಮತ್ತೆ ಅನಿಲವಾಗಿ ಹೊರಬರುತ್ತದೆ.

ಕಾದ ಪ್ಲಾಟಿನಂ ಮತ್ತು ಕಬ್ಬಿಣದ ಗೋಡೆಯನ್ನು ಜಲಜನಕ ದಾಟುತ್ತದೆಂದು ಫ್ರಾನ್ಸಿನ ಡೆವಿಲ್ ಮತ್ತು ಟ್ರೂಸ್ತ್ ಆಗಲೇ ಕಂಡಿದ್ದರು. ಗ್ರಹಾಂ ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹವನ್ನು ಕೈಗೆತ್ತಿಕೊಂಡರು. ಅದು ತನ್ನ ಗಾತ್ರದ 600 ಪಟ್ಟಿಗೂ ಹೆಚ್ಚು ಜಲಜನಕವನ್ನು ಹೀರಿಕೊಳ್ಳುವುದನ್ನು ಕಂಡರು. ಬೀದಿದೀಪಗಳಿಗೆ ಬಳಸುತ್ತಿದ್ದ ಕಲ್ಲಿದ್ದಲ ಅನಿಲವನ್ನು ಕಾದ ಪಲ್ಲಾಡಿಯಂ ಕೊಳವೆಯ ಒಂದು ಬದಿಗೆ ಬಿಟ್ಟರೆ ಇನ್ನೊಂದು ಬದಿಗೆ ಶುದ್ಧ ಜಲಜನಕ ಮಾತ್ರ ಬರುತ್ತಿತ್ತು. ಉಳಿದ ಯಾವ ಅನಿಲಕ್ಕೂ ಅಲ್ಲಿ ಪ್ರವೇಶವಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಹಾಪುರುಷರ ಜೀವನ ಬರೆಯುವಾಗ ನಾವು ಅವರ ತಪ್ಪುಗಳನ್ನು ಬಿಟ್ಟುಬಿಡುತ್ತೇವೆ. ಪಲ್ಲಾಡಿಯಂ ಒಳಗೆ ಸೇರಿದ ಜಲಜನಕ ಒಂದು ಲೋಹವೇ ಆಗಿದೆಯೆಂದು ಗ್ರಹಾಂ ನಂಬಿದರು. ಅದಕ್ಕೆ ಹೈಡ್ರೋಜೀನಿಯಂ ಎಂಬ ಹೆಸರನ್ನೂ ಇಟ್ಟು, ಜಲಜನಕ ತುಂಬಿದ ಪಲ್ಲಾಡಿಯಂನಿಂದ ಪುಟ್ಟ ಪದಕಗಳನ್ನು ಮಾಡಿಸಿದರು. ಅವರ ಆ ತೀರ್ಮಾನ ನಿಲ್ಲಲಿಲ್ಲ. ಆದರೆ ಅವರು ಮಾಡಿದ ಅಳತೆಗಳು ನಿಂತವು. ಅಳತೆಯಲ್ಲಿ ಪ್ರಾಮಾಣಿಕನಾಗಿರುವವನು ತೀರ್ಮಾನದಲ್ಲಿ ಎಡವಿದರೂ ಮುಂದಿನವರಿಗೆ ನಷ್ಟವಾಗುವುದಿಲ್ಲ.

1869ರ ಸೆಪ್ಟೆಂಬರಿನಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಗ್ರಹಾಂ ಲಂಡನ್ನಿನಲ್ಲಿ ನಿಧನರಾದರು. ಅವರು ಮದುವೆಯಾಗಿರಲಿಲ್ಲ. ಹುಟ್ಟೂರಾದ ಗ್ಲಾಸ್ಗೋದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಅವರ ಕೈಕೆಳಗೆ ಸಹಾಯಕನಾಗಿ ದುಡಿದ ಜೇಮ್ಸ್ ಯಂಗ್ ಮುಂದೆ ಪ್ಯಾರಾಫಿನ್ ಎಣ್ಣೆಯ ಉದ್ಯಮದಿಂದ ದೊಡ್ಡ ಶ್ರೀಮಂತನಾದ. ಆತ ಗುರುವನ್ನು ಮರೆಯಲಿಲ್ಲ. ಗ್ಲಾಸ್ಗೋದ ಜಾರ್ಜ್ ಸ್ಕ್ವೇರಿನಲ್ಲಿ ತನ್ನ ಹಣದಿಂದ ಗ್ರಹಾಂ ಅವರ ಪ್ರತಿಮೆಯನ್ನು ನಿಲ್ಲಿಸಿದ, ಗುರುವಿನ ಸಂಶೋಧನಾ ಲೇಖನಗಳನ್ನು ಒಟ್ಟುಗೂಡಿಸಿ 1876ರಲ್ಲಿ ಮುದ್ರಿಸಿ ಹಂಚಿದ.

ಒಂದೇ ನಿಯಮ, ಎರಡು ದಾರಿ

ಗ್ರಹಾಂ ಅವರ ನಿಯಮ ಅವರ ನಂತರ ಎರಡು ದಾರಿಯಲ್ಲಿ ನಡೆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಓಕ್ ರಿಡ್ಜ್ ಎಂಬಲ್ಲಿ ಯುರೇನಿಯಂನ ಎರಡು ಬಗೆಗಳನ್ನು ಬೇರ್ಪಡಿಸಲು ಬೃಹತ್ ಕಾರ್ಖಾನೆಗಳನ್ನು ಕಟ್ಟಲಾಯಿತು. ಅವುಗಳಲ್ಲಿ ಒಂದು ಗ್ರಹಾಂ ನಿಯಮದ ಮೇಲೆಯೇ ನಡೆಯುತ್ತಿತ್ತು. ಯುರೇನಿಯಂ ಅನಿಲವನ್ನು ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಹಾಯಿಸುವುದು. ಎರಡರ ತೂಕದಲ್ಲಿ ವ್ಯತ್ಯಾಸ ಅತಿ ಕಡಿಮೆ, ಒಂದು ಪೊರೆಯಲ್ಲಿ ಸಿಗುವ ಲಾಭ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಸಾವಿರಾರು ಹಂತಗಳು ಬೇಕಾದವು. ಆ ಊರಿನಲ್ಲಿ ಸಿದ್ಧವಾದ ಯುರೇನಿಯಂ 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದಿತು. ಅದಕ್ಕೆ ಎರಡೇ ವರ್ಷ ಮೊದಲು ಅದೇ ಮನುಷ್ಯನ ಇನ್ನೊಂದು ಪೊರೆ ಹಾಲೆಂಡಿನಲ್ಲಿ ರೋಗಿಯ ರಕ್ತವನ್ನು ಶುದ್ಧಗೊಳಿಸಲು ತೊಡಗಿತ್ತು. ಜ್ಞಾನ ಒಂದು ಅಮಾನತ್ತು. ಅದನ್ನು ಯಾವ ಕಡೆಗೆ ತಿರುಗಿಸಿದೆವೆಂಬ ಲೆಕ್ಕವನ್ನು ನಾವು ಕೊಡಬೇಕಾಗುತ್ತದೆ.

ಫ್ರಾನ್ಸಿನಲ್ಲಿ ಯುರೇನಿಯಂಗಾಗಿ ಸಿದ್ಧಪಡಿಸಿದ ಸೆರಾಮಿಕ್ ಪೊರೆಗಳ ತಂತ್ರಜ್ಞಾನವೇ ಮುಂದೆ 1980ರ ದಶಕದಲ್ಲಿ ಹಾಲು, ಹಣ್ಣಿನ ರಸ, ನೀರು ಸೋಸುವ ಕೈಗಾರಿಕೆಗಳಿಗೆ ಬಂದಿತೆಂಬುದು ಸಮಾಧಾನದ ಸಂಗತಿ.

ಇಂದಿನ ಸೆರಾಮಿಕ್ ಪೊರೆಗಳು

ಇಂದು ಜಲಜನಕದ ಹೆಸರು ಎಲ್ಲೆಡೆ ಕೇಳಿಬರುತ್ತಿದೆ. ಉರಿದಾಗ ನೀರನ್ನು ಮಾತ್ರ ಉಳಿಸುವ ಇಂಧನವದು. ರಸಗೊಬ್ಬರಕ್ಕೆ ಬೇಕಾದ ಅಮೋನಿಯಾ ತಯಾರಿಸಲು, ತೈಲ ಶುದ್ಧೀಕರಣಾಗಾರಗಳಲ್ಲಿ ಡೀಸೆಲ್‌ನಿಂದ ಗಂಧಕವನ್ನು ತೆಗೆಯಲು ಅದು ಬೇಕೇ ಬೇಕು. ಭಾರತ ಸರ್ಕಾರವು 2023ರ ಜನವರಿಯಲ್ಲಿ ಹಸಿರು ಜಲಜನಕಕ್ಕಾಗಿ ರಾಷ್ಟ್ರೀಯ ಯೋಜನೆಯೊಂದಕ್ಕೆ ಒಪ್ಪಿಗೆ ನೀಡಿದ್ದು, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿಯಿಟ್ಟಿದೆ.

ಆದರೆ ಜಗತ್ತಿನ ಜಲಜನಕದ ಬಹುಪಾಲು ಇನ್ನೂ ಬರುತ್ತಿರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ನೈಸರ್ಗಿಕ ಅನಿಲವನ್ನು ಕುದಿಹಬೆಯೊಡನೆ ಬಹಳ ಹೆಚ್ಚಿನ ಉಷ್ಣತೆಯಲ್ಲಿ ಕೂಡಿಸಿದಾಗ ಜಲಜನಕದ ಜೊತೆ ಇಂಗಾಲದ ಮಾನಾಕ್ಸೈಡ್ ಮತ್ತು ಡೈಆಕ್ಸೈಡ್ ಕೂಡ ಬೆರೆತು ಬರುತ್ತವೆ. ಇಂಧನಕೋಶದಿಂದ ಓಡುವ ವಾಹನಕ್ಕೆ ಬೇಕಾದ ಜಲಜನಕ ಶೇಕಡಾ 99.97ರಷ್ಟು ಶುದ್ಧವಿರಬೇಕು, ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಹತ್ತು ಲಕ್ಷದಲ್ಲಿ 0.2 ಭಾಗವನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಈಗ ಕಾರ್ಖಾನೆಗಳಲ್ಲಿ ಅನಿಲವನ್ನು ತಣ್ಣಗಾಗಿಸಿ, ದೊಡ್ಡ ತೊಟ್ಟಿಗಳಲ್ಲಿ ತುಂಬಿದ ಹೀರುಗುಂಡುಗಳ ಮೇಲೆ ಒತ್ತಡ ಏರಿಸುತ್ತ ಇಳಿಸುತ್ತ ಶುದ್ಧಗೊಳಿಸುತ್ತಾರೆ. ಕಾದ ಅನಿಲವನ್ನು ತಣಿಸದೆ, ಇದ್ದ ಬಿಸಿಯಲ್ಲೇ ಸೋಸಬಹುದಾದರೆ ಎಷ್ಟು ಉಳಿತಾಯ! ಅಷ್ಟು ಬಿಸಿಯಲ್ಲಿ ಪ್ಲಾಸ್ಟಿಕ್ ಕರಗುತ್ತದೆ, ರಬ್ಬರ್ ಸುಟ್ಟುಹೋಗುತ್ತದೆ. ತಾಳಿಕೊಳ್ಳುವುದು ಸುಟ್ಟ ಮಣ್ಣಿನ ಬಂಧುವಾದ ಸೆರಾಮಿಕ್.

ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಜರಡಿಯಂತೆ ಕೆಲಸ ಮಾಡುವುದು. ಅಲ್ಯುಮಿನಾದ ಕೊಳವೆಯ ಮೇಲೆ ಹಂತ ಹಂತವಾಗಿ ಸೂಕ್ಷ್ಮ ಪದರಗಳನ್ನು ಬಳಿದು, ಕೊನೆಗೆ ಸಿಲಿಕಾದ ಅತಿ ತೆಳುವಾದ ಪದರವನ್ನು ಕೂರಿಸುತ್ತಾರೆ. ಜಲಜನಕದ ಅಣುವಿನ ಅಗಲ 0.289 ನ್ಯಾನೋಮೀಟರ್, ಇಂಗಾಲದ ಡೈಆಕ್ಸೈಡಿನದು 0.33, ಮೀಥೇನಿನದು 0.38. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಇವುಗಳ ನಡುವೆ ಹಿಡಿಯುವಷ್ಟು ಕಿರಿದಾದ ರಂಧ್ರವಿದ್ದರೆ ಜಲಜನಕ ದಾಟುತ್ತದೆ, ಉಳಿದವು ಹಿಂದೆ ಬೀಳುತ್ತವೆ. ರಂಧ್ರ ಇನ್ನೂ ದೊಡ್ಡದಿದ್ದರೆ ಗ್ರಹಾಂ ಅವರ ವರ್ಗಮೂಲದ ಲೆಕ್ಕವಷ್ಟೇ ಸಿಗುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಜಲಜನಕ 4.7 ಪಟ್ಟು ವೇಗ, ಅದಕ್ಕಿಂತ ಹೆಚ್ಚಿಲ್ಲ. ಸಿಲಿಕಾ ಪದರದ ದೊಡ್ಡ ದೌರ್ಬಲ್ಯವೆಂದರೆ ಕುದಿಹಬೆ. ಹಬೆಯಲ್ಲಿ ಬಹುಕಾಲವಿದ್ದರೆ ಅದರ ರಚನೆ ಹದಗೆಡುತ್ತದೆ.

ಈ ಸಿಲಿಕಾ ಪದರವನ್ನು ತಯಾರಿಸುವ ವಿಧಾನಕ್ಕೆ ಸೋಲ್-ಜೆಲ್ ಎಂದು ಹೆಸರು. ಕಲಿಲದ ದ್ರವ ರೂಪ ಸೋಲ್, ಗಟ್ಟಿಕಟ್ಟಿದ ರೂಪ ಜೆಲ್. ಈ ಎರಡು ಹೆಸರುಗಳನ್ನು ಇಟ್ಟವರು ಯಾರು ಗೊತ್ತೇ? ಸಿಲಿಕಾದ ಕಲಿಲಗಳ ಮೇಲೆ ಕೆಲಸ ಮಾಡುತ್ತಿದ್ದ ಥಾಮಸ್ ಗ್ರಹಾಂ! ಚಿಲುಮೆಯ ಕೊಳವೆ ಒಂದು ಕಡೆ, ಕಲಿಲ ಇನ್ನೊಂದು ಕಡೆ. ತಮ್ಮ ಜೀವಿತದಲ್ಲಿ ಬೇರೆ ಬೇರೆಯಾಗಿದ್ದ ಈ ಎರಡು ಕೆಲಸಗಳು ನೂರು ವರ್ಷಗಳ ನಂತರ ಒಂದೇ ಪೊರೆಯಲ್ಲಿ ಬಂದು ಸೇರಿದವು.

ಎರಡನೆಯ ಬಗೆಯಲ್ಲಿ ಸರಂಧ್ರ ಸೆರಾಮಿಕ್ ಕೊಳವೆಯ ಮೇಲೆ ಪಲ್ಲಾಡಿಯಂನ ತೆಳುಪದರ ಹಾಕುತ್ತಾರೆ. ದುಬಾರಿ ಲೋಹ ಸ್ವಲ್ಪವೇ ಸಾಕು, ಬಲ ಕೊಡುವುದು ಸೆರಾಮಿಕ್. ಶುದ್ಧ ಪಲ್ಲಾಡಿಯಂ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಜಲಜನಕವನ್ನು ಹೀರಿ ಉಬ್ಬಿ ಬಿರುಕು ಬಿಡುತ್ತದೆ. ಅದನ್ನು ತಡೆಯಲು ಸುಮಾರು ಕಾಲುಭಾಗ ಬೆಳ್ಳಿಯನ್ನು ಬೆರೆಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಅಚ್ಚರಿಯದು. 1981ರಲ್ಲಿ ಜಪಾನಿನ ಇವಾಹಾರ ಮತ್ತು ಅವರ ಸಂಗಡಿಗರು ಸ್ಟ್ರಾನ್ಷಿಯಂ ಹಾಗೂ ಸೀರಿಯಂ ಇರುವ ಒಂದು ಸೆರಾಮಿಕ್ಕನ್ನು ಬಿಸಿ ಮಾಡಿದಾಗ ಅದರೊಳಗೆ ಪ್ರೋಟಾನುಗಳು ಚಲಿಸುವುದನ್ನು ಕಂಡರು. ಇಲ್ಲಿ ರಂಧ್ರವೇ ಇಲ್ಲ, ಗಟ್ಟಿ ಗೋಡೆ. ಜಲಜನಕದ ಅಣು ಒಂದು ಬದಿಯಲ್ಲಿ ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಬೇರೆಯಾಗುತ್ತದೆ. ಪ್ರೋಟಾನ್ ಒಂದು ಆಮ್ಲಜನಕದ ಪರಮಾಣುವಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಗೋಡೆಯನ್ನು ದಾಟಿ, ಆಚೆ ಬದಿಯಲ್ಲಿ ಮತ್ತೆ ಜಲಜನಕವಾಗುತ್ತದೆ. ಬೇರೆ ಯಾವ ಅನಿಲಕ್ಕೂ ಈ ವಿದ್ಯೆ ಬಾರದು. ಆದರೆ ಇದು ಚೆನ್ನಾಗಿ ಕೆಲಸ ಮಾಡಲು ಸಾಮಾನ್ಯವಾಗಿ 600 ಡಿಗ್ರಿಗೂ ಮಿಕ್ಕ ಬಿಸಿ ಬೇಕು. ಜೊತೆಗೆ ಸೆರಾಮಿಕ್ ಕೊಳವೆ ಪೆಡಸು, ಅದನ್ನು ಲೋಹದ ಪೈಪಿಗೆ ಸೋರದಂತೆ ಬೆಸೆಯುವುದು ಇಂದಿಗೂ ಎಂಜಿನಿಯರುಗಳ ತಲೆನೋವು.

ಪಿಯುಸಿ ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಿ. ರಾಸಾಯನಿಕ ಕ್ರಿಯೆ ನಡೆಯುತ್ತಿರುವ ಪಾತ್ರೆಯೊಳಗೇ ಇಂತಹ ಪೊರೆಯನ್ನಿಟ್ಟು ಜಲಜನಕವನ್ನು ಆಗಿಂದಾಗ್ಗೆ ಹೊರತೆಗೆದರೆ, ಲ ಶಾತೆಲಿಯೇ ತತ್ವದ ಪ್ರಕಾರ ಕ್ರಿಯೆ ತಾನಾಗಿ ಮುಂದಕ್ಕೆ ಸಾಗಿ ಮತ್ತಷ್ಟು ಜಲಜನಕ ಸಿಗುತ್ತದೆ. ನಿಮ್ಮ ಪುಸ್ತಕದ ಎರಡು ಬೇರೆ ಬೇರೆ ಪಾಠಗಳು ಇಲ್ಲಿ ಕೈಕುಲುಕುತ್ತವೆ.

ನಮಗೇನು ಪಾಠ?

ಕೆಮಿಸ್ಟ್ರಿ ಎಂಬ ಪದ ಅರಬಿಯ ಅಲ್-ಕೀಮಿಯಾದಿಂದ ಬಂದುದೆಂದು ನಾವು ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಜಾಬಿರ್ ಇಬ್ನ್ ಹಯ್ಯಾನ್, ಅಲ್-ರಾಝೀ ಅವರ ಹೆಸರುಗಳನ್ನು ಸ್ಮರಿಸುತ್ತೇವೆ. ಸ್ಮರಿಸಬೇಕು ಕೂಡ. ಆದರೆ ಅವರು ಬಟ್ಟಿ ಇಳಿಸುವ ಪಾತ್ರೆಯ ಮುಂದೆ ಕುಳಿತು ಕಣ್ಣು ಕೆಂಪಗಾಗಿಸಿಕೊಂಡವರು. ಅವರ ನಿಜವಾದ ವಾರಸುದಾರರು ಹೆಸರು ಹೇಳುವವರಲ್ಲ, ಪ್ರಯೋಗಾಲಯದಲ್ಲಿ ಕೈ ಕೊಳೆ ಮಾಡಿಕೊಳ್ಳುವವರು. ಆ ಲೆಕ್ಕದಲ್ಲಿ ಗ್ಲಾಸ್ಗೋದ ಈ ಕ್ರೈಸ್ತ ಹುಡುಗ ಅವರಿಗೆ ನಮ್ಮಲ್ಲಿ ಅನೇಕರಿಗಿಂತ ಹತ್ತಿರದವನು. ವಿದ್ಯೆಯನ್ನು ಅರಸುವುದು ಕಡ್ಡಾಯ ಕರ್ತವ್ಯವೆಂದು ಮದ್ರಸದ ದಿನಗಳಿಂದ ಕೇಳುತ್ತ ಬಂದ ನಾವು ಈ ಮಾತನ್ನು ಕೋಪವಿಲ್ಲದೆ ಯೋಚಿಸಬೇಕು.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು ನೀವು ಬಯಸಿದ ದಾರಿ ಬಿಟ್ಟು ಬೇರೆ ಕೇಳಿದಾಗ ಬಾಗಿಲು ಮುಚ್ಚಬೇಡಿ. ಅದು ಹಟವೋ ಒಲವೋ ಎಂದು ಸ್ವಲ್ಪ ಕಾಲ ನೋಡಿ. ಒಲವಾಗಿದ್ದರೆ ಅದು ಕಷ್ಟವನ್ನು ತಾಳುತ್ತದೆ, ಹಟವಾಗಿದ್ದರೆ ಮೊದಲ ಕಷ್ಟಕ್ಕೇ ಕರಗುತ್ತದೆ. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಗ್ರಹಾಂ ತಂದೆಯ ಮಾತನ್ನು ಮೀರಿದರು ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಮನೆಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಅವರು ತಮ್ಮ ಖರ್ಚನ್ನು ತಾವೇ ದುಡಿದರು, ಮೊದಲ ಸಂಪಾದನೆಯನ್ನು ತಾಯಿ ಮತ್ತು ಸಹೋದರಿಯ ಕೈಗಿಟ್ಟರು, ನಾಲ್ಕು ದಶಕ ಒಂದೇ ಪ್ರಶ್ನೆಯನ್ನು ಬೆನ್ನು ಹತ್ತಿದರು. ಆ ಭಾಗವನ್ನೂ ಸೇರಿಸಿಯೇ ಅನುಸರಿಸಿ.

ಸೆರಾಮಿಕ್ ಪೊರೆಗಳಲ್ಲಿ ಬಗೆಹರಿಯದ ಪ್ರಶ್ನೆಗಳು ಇನ್ನೂ ಬಹಳಷ್ಟಿವೆ. ಹಬೆಗೆ ಹೆದರದ ಸಿಲಿಕಾ ಬೇಕು, ಕಡಿಮೆ ಬಿಸಿಯಲ್ಲಿ ಕೆಲಸ ಮಾಡುವ ಪ್ರೋಟಾನ್ ಗೋಡೆ ಬೇಕು, ಸೋರದ ಬೆಸುಗೆ ಬೇಕು. ಇವುಗಳಲ್ಲಿ ಒಂದಕ್ಕಾದರೂ ನಮ್ಮ ಸಂಘದ ನೆರವಿನಿಂದ ಓದಿದ ಮಗನೋ ಮಗಳೋ ಇನ್ಷಾ ಅಲ್ಲಾಹ್ ಉತ್ತರ ಹುಡುಕಲಿ. ಅದಕ್ಕೆ ದೊಡ್ಡ ಉಪಕರಣವೇ ಮೊದಲು ಬೇಕೆಂದಿಲ್ಲ. ಒಡಕು ಸೀಸೆಯನ್ನು ಎಸೆಯುವ ಮುನ್ನ ಒಂದು ಕ್ಷಣ ನಿಂತು ನೋಡುವ ಕಣ್ಣು ಬೇಕು.

ಅಂತಹ ಕಣ್ಣನ್ನು, ಅದರ ಜೊತೆಗೆ ಸಹನೆಯನ್ನು ಅಲ್ಲಾಹನು ನಮ್ಮ ಮಕ್ಕಳೆಲ್ಲರಿಗೂ ಅನುಗ್ರಹಿಸಲಿ. ಆಮೀನ್.